ತೊಂಬತ್ತೊಂಬತ್ತನೇ ಲೆವೆಲ್ ಕಾಯುವುದಿಲ್ಲ

ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ಕಥೆಯ ದಾರಿಗೆ ಅಡ್ಡ ಬಾರದ, ನಾವಾಗಿಯೇ ಹುಡುಕಿಕೊಂಡು ಹೋಗಿ ಕೆಣಕಬೇಕಾದ ಕೆಲವು ಬಾಸ್‌ಗಳಿರುತ್ತವೆ. ಎಷ್ಟೋ ಸಲ ಕಥೆಯ ಕೊನೆಯ ಖಳನಿಗಿಂತ ಇವೇ ಭಾರಿ. 1997ರ ‘ಫೈನಲ್ ಫ್ಯಾಂಟಸಿ 7’ರಲ್ಲಿ ಕೊನೆಯ ಖಳ ಸೆಫಿರಾತ್‌ನನ್ನು ಸೋಲಿಸಿದವರು ಬೇಕಾದಷ್ಟಿದ್ದಾರೆ. ಆದರೆ ಸಮುದ್ರದಡಿ ಅಲೆಯುವ ಎಮರಾಲ್ಡ್ ವೆಪನ್ ಮತ್ತು ಮರಳುಗಾಡಿನ ರೂಬಿ ವೆಪನ್ ಮುಂದೆ ಅವರಲ್ಲಿ ಹಲವರು ಮಣ್ಣು ಮುಕ್ಕಿದವರೇ. ಜಪಾನಿನಲ್ಲಿ ಮೊದಲು ಬಿಡುಗಡೆಯಾದ ಆಟದಲ್ಲಿ ಇವೆರಡೂ ಇರಲೇ ಇಲ್ಲ; ಅದೇ ವರ್ಷ ಆಟ ಹೊರದೇಶಗಳಿಗೆ ಹೋಗುವಾಗ ಸೇರಿಸಿದವು. ಕಥೆಗೆ ಬೇಕಿಲ್ಲದಿದ್ದರೂ ಆಟದ ಒಳಗುಟ್ಟು ಬಲ್ಲವರನ್ನು ಪರೀಕ್ಷಿಸಲೆಂದೇ ಇಟ್ಟವು. ಇವುಗಳ ಬಗ್ಗೆ ಹಬ್ಬಿರುವ ನಂಬಿಕೆಗಳಲ್ಲಿ ಹೆಚ್ಚಿನವು ಬಲವನ್ನು ನಂಬಿ ಕೆಟ್ಟವು.

ನಂಬಿಕೆ: ಲೆವೆಲ್ 99 ಮುಟ್ಟಿದರೆ, ಇದ್ದಬದ್ದ ಶಕ್ತಿಯನ್ನೆಲ್ಲ ತೊಟ್ಟುಕೊಂಡರೆ ಯಾವ ಬಾಸ್ ಆದರೂ ಬೀಳುತ್ತದೆ

ಎಮರಾಲ್ಡ್‌ನ ಎಚ್‌ಪಿ, ಅಂದರೆ ಜೀವಬಲ, 10 ಲಕ್ಷ. ನಮ್ಮ ಕಡೆ ಎಷ್ಟೇ ಬೆಳೆದವರ ಎಚ್‌ಪಿಯೂ 9,999 ದಾಟುವುದಿಲ್ಲ. ಈ ಅಂತರ ನೋಡಿದವರು ಸಹಜವಾಗಿ ಮಾಡುವ ಕೆಲಸವೆಂದರೆ ಆಯುಧದಲ್ಲಿ ಎಂಟು, ಕವಚದಲ್ಲಿ ಎಂಟು, ಹೀಗೆ ಖಾಲಿ ಇರುವ ಪ್ರತಿ ಕುಳಿಗೂ ಒಂದೊಂದು ಮೆಟೀರಿಯಾ ತುಂಬುವುದು. ಮಂತ್ರ, ವಿದ್ಯೆಗಳನ್ನೆಲ್ಲ ಕೊಡುವ ಹರಳುಗಳಲ್ಲವೇ, ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಲೆಕ್ಕ.

ಎಮರಾಲ್ಡ್ ಹೊಡೆಯುವುದು ಸರಿಯಾಗಿ ಆ ಲೆಕ್ಕಕ್ಕೇ. ಅದರ ‘ಏರ್ ಟ್ಯಾಮ್ ಸ್ಟಾರ್ಮ್’ ದಾಳಿ ನಮ್ಮ ಲೆವೆಲ್ಲನ್ನು ನೋಡುವುದಿಲ್ಲ. ಒಬ್ಬ ತೊಟ್ಟಿರುವ ಮೆಟೀರಿಯಾಗಳನ್ನು ಎಣಿಸಿ, ಒಂದೊಂದಕ್ಕೂ 1,111ರಂತೆ ಎಚ್‌ಪಿ ಕಿತ್ತುಕೊಳ್ಳುತ್ತದೆ. ಒಂಬತ್ತು ತೊಟ್ಟವನಿಗೆ 9,999. ಪೂರ್ತಿ ಎಚ್‌ಪಿ ಇದ್ದರೂ ಅಲ್ಲಿಗೆ ಮುಗಿಯಿತು. ಎಂಟೇ ತೊಟ್ಟವನಿಗೆ 8,888. ಎಚ್‌ಪಿ ತುಂಬಿದ್ದರೆ ಬದುಕುತ್ತಾನೆ. ನಾಲ್ಕು ತೊಟ್ಟವನಂತೂ ಐದು ಸಾವಿರದೊಳಗೆ ಪಾರು. ತಿಂಗಳುಗಟ್ಟಲೆ ಬೆಳೆಸಿದ ಪಾತ್ರ ಒಂದೇ ಏಟಿಗೆ ಬೀಳುವುದು, ಅರ್ಧಂಬರ್ಧ ಸಿದ್ಧವಾದ ಪಾತ್ರ ನಿಂತೇ ಇರುವುದು ಇದರಿಂದಲೇ. ಇಷ್ಟು ಚಂದದ ಬಲೆಯನ್ನು ಹೆಣೆದ ಆಟ ನಾನು ಹೆಚ್ಚು ಕಂಡಿಲ್ಲ.

ಸಾಲದ್ದಕ್ಕೆ ಇಪ್ಪತ್ತು ನಿಮಿಷದ ಗಡಿಯಾರವೂ ಓಡುತ್ತಿರುತ್ತದೆ. ‘ಬೇಗ ಹೊಡೆಯಬೇಕು, ಅಷ್ಟೇ’ ಎನ್ನುವವರಿದ್ದಾರೆ. ಆದರೆ ಗಡಿಯಾರವನ್ನೇ ತೆಗೆದುಹಾಕುವ ದಾರಿಯಿದೆ. ಜೂನನ್ ಬಳಿಯ ನೀರಡಿ ಸುರಂಗದಲ್ಲಿ ಸಿಗುವ ಘೋಸ್ಟ್ ಶಿಪ್ ಎಂಬ ಶತ್ರುವನ್ನು ಮಾರ್ಫ್ ವಿದ್ಯೆಯಿಂದ ಮುಗಿಸಿದರೆ ಒಂದು ಗೈಡ್ ಬುಕ್ ಕೈಗೆ ಬರುತ್ತದೆ. ಅದನ್ನು ಕಾಮ್ ಊರಿನ ಪ್ರಯಾಣಿಕನಿಗೆ ಕೊಟ್ಟರೆ ಆತ ಅಂಡರ್‌ವಾಟರ್ ಮೆಟೀರಿಯಾ ಕೊಡುತ್ತಾನೆ. ಯಾರಾದರೊಬ್ಬರು ಅದನ್ನು ತೊಟ್ಟರೆ ಗಡುವು ಮಾಯ. ಅದೂ ಒಂದು ಮೆಟೀರಿಯಾವೇ ಆದ್ದರಿಂದ, ತೊಟ್ಟವನ ಎಣಿಕೆಗೆ ಒಂದು ಸೇರಿತು ಎಂಬುದು ಬೇರೆ ಮಾತು.

ನಂಬಿಕೆ: ತಂಡದ ಮೂವರೂ ಗಟ್ಟಿಮುಟ್ಟಾಗಿ ಕಣಕ್ಕಿಳಿಯಬೇಕು

ರೂಬಿಗೆ ಬೇಕಾದದ್ದೂ ಅದೇ. ಅದರ ಮರಳ ಸುಳಿ ಒಬ್ಬೊಬ್ಬರನ್ನೇ ಎತ್ತಿ ಕಣದಿಂದಾಚೆ ಒಗೆಯುತ್ತದೆ. ಹಾಗೆ ಹೋದವರು ಆ ಕಾಳಗಕ್ಕೆ ಮರಳುವುದಿಲ್ಲ. ಒಬ್ಬನೇ ಉಳಿದ ಮೇಲೆ ರೂಬಿ ತನ್ನ ತೋಳುಗಳನ್ನು ಮರಳೊಳಗೆ ಚುಚ್ಚುತ್ತದೆ. ಪಳಗಿದವರು ಇದನ್ನು ತಲೆಕೆಳಗು ಮಾಡುತ್ತಾರೆ: ಇಬ್ಬರನ್ನು ಮೊದಲೇ ಸಾಯಿಸಿಕೊಂಡು ಹೋಗುತ್ತಾರೆ. ನಿಂತಿರುವವನು ಒಬ್ಬನೇ ಎಂದು ಕಂಡ ರೂಬಿ ಸುಳಿಯ ಗೊಡವೆಗೆ ಹೋಗದೆ ತೋಳು ಊರುತ್ತದೆ. ಆಮೇಲೆ ಸುಳಿಯ ಭಯವಿಲ್ಲದೆ ಸತ್ತ ಇಬ್ಬರನ್ನೂ ಎಬ್ಬಿಸಿಕೊಂಡರಾಯಿತು.

ನಂಬಿಕೆ: ನೈಟ್ಸ್ ಆಫ್ ದ ರೌಂಡ್ ಇದ್ದರೆ ತಲೆ ಓಡಿಸುವುದೇ ಬೇಡ

ಹದಿಮೂರು ಯೋಧರು ಸಾಲಾಗಿ ಬಂದು ಹೊಡೆಯುವ ಈ ಆವಾಹನೆ ಆಟದಲ್ಲೇ ಭೀಕರವಾದದ್ದು, ನಿಜ. ಪ್ರತಿ ಏಟೂ 9,999 ಬಿದ್ದರೂ ಒಮ್ಮೆಗೆ ಆಗುವುದು 1,29,987. ರೂಬಿಯ 8 ಲಕ್ಷ ಎಚ್‌ಪಿಗೆ ಏಳು ಸಲ ಬೇಕು. ಒಂದು ಸಲಕ್ಕೆ 250 ಎಂಪಿ, ಅಂದರೆ ಮಂತ್ರಬಲ, ಖರ್ಚು; ಒಬ್ಬನ ಎಂಪಿ 999ಕ್ಕೆ ನಿಲ್ಲುತ್ತದೆ. ಅಲ್ಲಿಗೆ ಮೂರೇ ಸಲ. ಇಲ್ಲಿ ಕೈಹಿಡಿಯುವುದು ಮಿಮಿಕ್ ಎಂಬ ಬಡಪಾಯಿ ಮೆಟೀರಿಯಾ: ಹಿಂದಿನವನು ಮಾಡಿದ್ದನ್ನೇ ಎಂಪಿ ಇಲ್ಲದೆ ಮತ್ತೆ ಮಾಡುತ್ತದೆ. ಆದರೂ ರೂಬಿ ಸುಮ್ಮನೆ ಏಟು ತಿನ್ನುವುದಿಲ್ಲ. ಈ ಆವಾಹನೆಗೆ ಅಲ್ಟಿಮಾ ಮಂತ್ರದಿಂದ ತಿರುಗೇಟು ಕೊಡುತ್ತದೆ. ಅಂಥ ದೈತ್ಯವನ್ನು ಡೇಜರ್ ಎಂಬ ಸಾಮಾನ್ಯ ವಸ್ತು ಮರಗಟ್ಟಿಸಿ ನಿಲ್ಲಿಸುತ್ತದೆ ಎಂದರೆ ಹೊಸಬರು ನಂಬುವುದೇ ಇಲ್ಲ.

ನಂಬಿಕೆ: ಇಂಥ ಉಪಾಯಗಳೆಲ್ಲ ಮೋಸ

ಯಾರದೇ ಎಚ್‌ಪಿ ಸರಿಯಾಗಿ 7,777 ಆದರೆ ಆ ಪಾತ್ರಕ್ಕೆ ಆವೇಶ ಬಂದು, ತಾನಾಗಿಯೇ 64 ಏಟು, ಏಟಿಗೆ 7,777ರಂತೆ ಬಾರಿಸುತ್ತದೆ. ಒಟ್ಟು 4,97,728. ಇಬ್ಬರಿಗೆ ಹೀಗಾದರೆ ರೂಬಿಯ ಕಥೆ ಮುಗಿದು ಮಿಗುತ್ತದೆ. ಎಮರಾಲ್ಡ್‌ನ 10 ಲಕ್ಷಕ್ಕೆ 4,544 ಮಾತ್ರ ಕಡಿಮೆ. ಎಚ್‌ಪಿಯನ್ನು ಆ ಅಂಕೆಗೆ ತಂದು ನಿಲ್ಲಿಸಲು ಕೂಡಿಸಿ ಕಳೆದು ಕೂರಬೇಕು. ಇದು ಆಟ ಕೆಟ್ಟು ಆದ ಎಡವಟ್ಟಲ್ಲ, ಕಟ್ಟಿದವರೇ ಇಟ್ಟ ನಿಯಮ. ನಿಯಮ ಓದಿದವನನ್ನು ಮೋಸಗಾರ ಎನ್ನುವುದು ಯಾವ ನ್ಯಾಯ?

ನಂಬಿಕೆ: ಅದೆಲ್ಲ ಹಳೆಯ ಕಾಲ, ಈಗ ಬೆರಳಿನ ವೇಗವೇ ಎಲ್ಲ

2022ರ ‘ಎಲ್ಡನ್ ರಿಂಗ್’ನ ಮಲೇನಿಯಾ ಕೂಡ ಕಥೆಗೆ ಕಡ್ಡಾಯವಲ್ಲದ ಬಾಸ್. ವೇಗ ಬೇಕು, ಒಪ್ಪಿದೆ. ಆದರೆ ಗುರಾಣಿ ಹಿಡಿದು ನಿಂತರೆ ಕ್ಷೇಮ ಎಂದುಕೊಂಡವರು ಸೋಲುವುದು ಬೆರಳು ನಿಧಾನವಾದ್ದರಿಂದಲ್ಲ: ಅವಳ ಏಟು ಗುರಾಣಿಗೆ ತಗುಲಿದರೂ ಅವಳ ಜೀವ ಏರುತ್ತದೆ. ಆನ್‌ಲೈನ್‌ನಲ್ಲಿ ಗೆಳೆಯರನ್ನು ಕರೆದರೆ ಬಾಸ್‌ನ ಎಚ್‌ಪಿಯೂ ಹೆಚ್ಚುತ್ತದೆ. ಆಟದೊಳಗಿನ ಆತ್ಮಗಳನ್ನು ಕರೆದರೆ ಹೆಚ್ಚುವುದಿಲ್ಲ. ಗಾಳಿಗೆ ನೆಗೆದು ಅವಳು ಶುರುಮಾಡುವ ಕುಖ್ಯಾತ ವಾಟರ್‌ಫೌಲ್ ಡಾನ್ಸನ್ನು, ಹೊತ್ತು ನೋಡಿ ಎಸೆದ ಒಂದು ಫ್ರೀಜಿಂಗ್ ಪಾಟ್ ಕೆಡವಬಲ್ಲದು.

ನಂಬಿಕೆ: ಗೆದ್ದರೆ ಆಟವೇ ಬದಲಾಗುವಂಥ ಬಹುಮಾನ ಸಿಗುತ್ತದೆ

‘ಫೈನಲ್ ಫ್ಯಾಂಟಸಿ 7’ರ ಕಥೆಯಲ್ಲಿ ಸತ್ತ ಏರಿತ್ ಎಂಬ ಪಾತ್ರ ಬದುಕಿ ಬರುತ್ತದೆ ಎಂಬ ಗಾಳಿಸುದ್ದಿ ಆ ಕಾಲದಲ್ಲಿ ಓಡಾಡಿತ್ತು. ಮೂಲ ಆಟದಲ್ಲಿ ಅಂಥ ದಾರಿಯೇ ಇಲ್ಲ. ರೂಬಿಯನ್ನು ಕೊಂದರೆ ಸಿಗುವ ಡೆಸರ್ಟ್ ರೋಸನ್ನು ಕಾಮ್‌ನ ಅದೇ ಪ್ರಯಾಣಿಕನಿಗೆ ಕೊಟ್ಟರೆ ಆತ ಚಿನ್ನದ ಬಣ್ಣದ ಚೊಕೊಬೊ ಹಕ್ಕಿಯನ್ನು ಕೊಡುತ್ತಾನೆ. ನೈಟ್ಸ್ ಆಫ್ ದ ರೌಂಡ್ ಇರುವ ದ್ವೀಪಕ್ಕೆ ಹೋಗಲು ಆ ಹಕ್ಕಿಯೇ ಬೇಕು. ಬಹುಪಾಲು ಜನ ಅದನ್ನು ಪಾಡುಪಟ್ಟು ಸಾಕಿ ಬೆಳೆಸಿ, ದ್ವೀಪಕ್ಕೆ ಹೋಗಿ ಬಂದೇ ರೂಬಿಯ ಎದುರು ನಿಂತಿರುತ್ತಾರೆ.