ಬೆಂಕಿಗೆ ಕಡಿವಾಣ ಹಾಕುವ ರಸಾಯನಗಳು

ಸ್ಟುಡಿಯೋ ನೋಡಲು ಬರುವ ವಿದ್ಯಾರ್ಥಿಗಳು, "ಒಂದು ಕಿಡಿ ಸಿಡಿದರೆ ಈ ಪರದೆಗಳೆಲ್ಲ ಹೊತ್ತಿಕೊಳ್ಳುವುದಿಲ್ಲವೇ?" ಎಂದು ಕೇಳುವುದುಂಟು. ಪ್ರಶ್ನೆ ಹಳೆಯದು. ನಾಟಕಶಾಲೆಗಳ ಪರದೆಗಳನ್ನು ಬೆಂಕಿಯಿಂದ ಕಾಪಾಡುವ ಉಪಾಯ ಹುಡುಕುವಂತೆ ಫ್ರಾನ್ಸಿನ ದೊರೆ 18ನೇ ಲೂಯಿ, ರಸಾಯನ ವಿಜ್ಞಾನಿ ಗೇ-ಲುಸಾಕ್‌ಗೆ ಹೇಳಿದ್ದ. ಅಮೋನಿಯಂ ಫಾಸ್ಫೇಟ್, ಅಮೋನಿಯಂ ಕ್ಲೋರೈಡ್ ಮತ್ತು ಬೊರಾಕ್ಸ್‌ಗಳ ದ್ರಾವಣದಲ್ಲಿ ಅದ್ದಿದ ಬಟ್ಟೆ ಸುಲಭವಾಗಿ ಉರಿಯದೆಂದು 1821ರಲ್ಲಿ ಆತ ತೋರಿಸಿದ. ಅನಿಲ ನಿಯಮಗಳಲ್ಲಿ ನೀವು ಓದುವ ಗೇ-ಲುಸಾಕ್ ಇವನೇ!

ಇದು ಸಾಧ್ಯವಾಗುವುದು ಹೇಗೆ? ಬಟ್ಟೆಯಾಗಲಿ, ಪ್ಲಾಸ್ಟಿಕ್ಕಾಗಲಿ ನೇರವಾಗಿ ಜ್ವಾಲೆಯಾಗುವುದಿಲ್ಲ. ಅದು ಕಾದು, ಒಡೆದಾಗ ಹೊರಡುವ ಅನಿಲಗಳು ಉರಿಯುತ್ತವೆ. ಆ ಉರಿಯ ಕಾವು ಇನ್ನಷ್ಟು ಅನಿಲವನ್ನು ಹೊರಡಿಸುತ್ತದೆ. ಈ ಸರಪಣಿಯ ಒಂದು ಕೊಂಡಿಯನ್ನು ಕಡಿಯುವುದೇ ಜ್ವಾಲಾರೋಧಕಗಳ ಕೆಲಸ. ರಂಜಕದ ಸಂಯುಕ್ತಗಳು ಹತ್ತಿಬಟ್ಟೆಯನ್ನು ಅನಿಲವಾಗಲು ಬಿಡದೆ ಇದ್ದಿಲಾಗಿಸುತ್ತವೆ. ವೈರುಗಳ ಹೊದಿಕೆಗೆ ಬೆರೆಸುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಒಡೆದು ನೀರಾವಿ ಬಿಡುತ್ತದೆ, ತಂಪು ಮಾಡುತ್ತದೆ. ಟಿ.ವಿ. ಪೆಟ್ಟಿಗೆಗಳ ಪ್ಲಾಸ್ಟಿಕ್ಕಿಗೆ ಬೆರೆಸುತ್ತ ಬಂದ ಬ್ರೋಮಿನ್ ಸಂಯುಕ್ತಗಳು ಜ್ವಾಲೆಯೊಳಕ್ಕೇ ನುಗ್ಗಿ, ಉರಿಯನ್ನು ಮುಂದುವರಿಸುವ ಚುರುಕಾದ ಕಣಗಳನ್ನು ಹಿಡಿದುಹಾಕುತ್ತವೆ.

ಆದರೆ ಬೆಂಕಿ ತಡೆದರಷ್ಟೇ ಸಾಲದು. 1970ರ ದಶಕದಲ್ಲಿ ಅಮೆರಿಕದಲ್ಲಿ, ಮಕ್ಕಳ ರಾತ್ರಿಯುಡುಪುಗಳು ಬೆಂಕಿಯನ್ನು ತಾಳಿಕೊಳ್ಳಲೇಬೇಕೆಂಬ ನಿಯಮ ಬಂತು. ಅದಕ್ಕಾಗಿ ಹಲವು ಉಡುಪುಗಳಿಗೆ 'ಟ್ರಿಸ್' ಎಂಬ ಬ್ರೋಮಿನ್ ಸಂಯುಕ್ತ ಸೇರಿಸಿದರು. ಅದು ಬ್ಯಾಕ್ಟೀರಿಯಾಗಳ ವಂಶವಾಹಿಗಳನ್ನು ಬದಲಿಸುತ್ತದೆ, ಕ್ಯಾನ್ಸರ್ ತರಬಹುದು ಎಂದು 1977ರಲ್ಲಿ ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ ಎಚ್ಚರಿಸಿದರು. ಅದೇ ವರ್ಷ ಅಂಥ ಉಡುಪುಗಳನ್ನು ನಿಷೇಧಿಸಲಾಯಿತು. ಮರುವರ್ಷ ಇನ್ನೊಂದು ಸಂಗತಿ ಪ್ರಕಟವಾಯಿತು: ಉಡುಪು ತೊಟ್ಟ ಮಕ್ಕಳ ಮೂತ್ರದಲ್ಲಿ ಟ್ರಿಸ್‌ನಿಂದ ಹುಟ್ಟಿದ ವಸ್ತು ಸಿಕ್ಕಿತ್ತು. ಬಟ್ಟೆಯಲ್ಲಿರಬೇಕಾದದ್ದು ಚರ್ಮ ದಾಟಿ ಒಳಹೊಕ್ಕಿತ್ತು! ಮುಂದೆ ಇನ್ನೂ ಹಲವು ಬ್ರೋಮಿನ್ ಸಂಯುಕ್ತಗಳು ಅನುಮಾನಕ್ಕೆ ಗುರಿಯಾದವು. ಅವುಗಳಲ್ಲಿ ಕೆಲವನ್ನು ಭಾರತವೂ 2018ರ ನಿಯಮಗಳಲ್ಲಿ ನಿಷೇಧಿಸಿತು.

ಹಾಗೆಂದು ಜ್ವಾಲಾರೋಧಕಗಳೇ ಬೇಡವೆನ್ನಲಾಗದು. ಅವು ಬೆಂಕಿಯನ್ನು ಪೂರ್ತಿ ತಡೆಯದಿದ್ದರೂ ಓಡಿ ಪಾರಾಗಲು ನಮಗೆ ಕೆಲವು ನಿಮಿಷ ಕೊಡುತ್ತವೆ. ಆ ನಿಮಿಷಗಳಿಗೆ ಜೀವದ ಬೆಲೆಯಿದೆ. ಆದ್ದರಿಂದ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಬೇಕು: ಇದು ಬೆಂಕಿಯನ್ನು ತಡೆಯುತ್ತದೆಯೇ? ಬೆರೆಸಿದ ಕಡೆಯೇ ನಿಲ್ಲುತ್ತದೆಯೇ?

ನೀವೂ ಒಂದು ಕೆಲಸ ಮಾಡಬಹುದು. ತಾಮ್ರದ ಆಸೆಗೆ ಹಳೆಯ ವೈರು, ಟಿ.ವಿ. ಪೆಟ್ಟಿಗೆಗಳನ್ನು ಸುಡುವವರನ್ನು ಕಂಡರೆ, ಆ ಹೊಗೆಯಲ್ಲಿ ವಿಷವಿದೆಯೆಂದು ತಿಳಿಸಿ ಹೇಳಿ.