ಪಡಿತರ: ದಾನವೇ, ಹಕ್ಕೇ?

'ಪಡಿ' ಎಂದರೆ ಅಳತೆ. ಧಾನ್ಯ ಅಳೆಯುವ ಪಾತ್ರೆಗೂ, ಹಾಗೆ ಅಳೆದು ಕೊಟ್ಟ ದಿನದ ಪಾಲಿಗೂ ಕನ್ನಡದಲ್ಲಿ ಇದೇ ಮಾತು. ದೇವಸ್ಥಾನದ ನಿತ್ಯಪೂಜೆ, ನೈವೇದ್ಯಗಳಿಗೆ ಸರ್ಕಾರದಿಂದ ಸಲ್ಲುತ್ತಿದ್ದ ದಿನಸಿಗೆ 'ಪಡಿತರ' ಎನ್ನುತ್ತಿದ್ದರು. ದೇವರ ಪಾಲಿನ ಈ ಮಾತು ಇಪ್ಪತ್ತನೆಯ ಶತಮಾನದಲ್ಲಿ ಮನುಷ್ಯರ ಪಾಲಿಗೂ ಬಂತು. ಜನ ಅದನ್ನು ರೇಷನ್ ಎಂದರು, ಹಳ್ಳಿಯವರು 'ಸೊಸೈಟಿ ಅಕ್ಕಿ' ಎಂದರು.

ಈ ಅಕ್ಕಿ ಯಾರದು? ಸರ್ಕಾರ ಕರುಣೆಯಿಂದ ಕೊಟ್ಟದ್ದೋ, ಪಡೆಯುವವನಿಗೆ ನ್ಯಾಯವಾಗಿ ಸಲ್ಲಬೇಕಾದದ್ದೋ? ಕಳೆದ ಎಂಬತ್ತು ವರ್ಷಗಳಲ್ಲಿ ಈ ಪ್ರಶ್ನೆಗೆ ಸಿಕ್ಕಿರುವ ಉತ್ತರ ಒಂದೇ ಆಗಿಲ್ಲ. ಉತ್ತರ ಬದಲಾದಾಗಲೆಲ್ಲ ಬಡವರ ಮನೆಯ ಒಲೆಯ ಸ್ಥಿತಿಯೂ ಬದಲಾಗಿದೆ.

ಯುದ್ಧಕಾಲದ ಕೂಸು

ನಮ್ಮಲ್ಲಿ ಪಡಿತರ ಪದ್ಧತಿ ಹುಟ್ಟಿದ್ದು ಬಡವರಿಗಾಗಿ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಲೆಗಳು ಏರಿದಾಗ ನಗರಗಳ ಕಾರ್ಖಾನೆ ಕಾರ್ಮಿಕರು, ನೌಕರರು ಹಸಿದು ದಂಗೆಯೇಳಬಾರದೆಂದು ಬ್ರಿಟಿಷ್ ಸರ್ಕಾರ ಇದನ್ನು ತಂದಿತು. 1943ರ ಬಂಗಾಳದ ಕ್ಷಾಮದಲ್ಲಿ ಸತ್ತವರು 15 ಲಕ್ಷದಿಂದ 30 ಲಕ್ಷ ಎಂದು ಅಂದಾಜು. ಕಲ್ಕತ್ತೆಗೆ ಧಾನ್ಯ ಒದಗಿಸುವುದಕ್ಕೆ ಆದ್ಯತೆ ಸಿಕ್ಕಿತು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯ ಕೂಲಿಗಳು, ಮೀನುಗಾರರು, ಕುಶಲಕರ್ಮಿಗಳು. ಆ ಕ್ಷಾಮವನ್ನು ಅಧ್ಯಯನ ಮಾಡಿದ ಅಮರ್ತ್ಯ ಸೇನ್ 1981ರಲ್ಲಿ ಒಂದು ಮುಖ್ಯ ಮಾತು ಹೇಳಿದರು: ಜನ ಸಾಯುವುದಕ್ಕೆ ನಾಡಿನಲ್ಲಿ ಅನ್ನ ಇಲ್ಲದಿರಬೇಕೆಂದಿಲ್ಲ, ಇರುವ ಅನ್ನ ಅವರ ಕೈಗೆ ಎಟುಕದಿದ್ದರೂ ಸಾಕು.

ಸ್ವಾತಂತ್ರ್ಯಾನಂತರವೂ ಪಡಿತರ ಬಹುಕಾಲ ಪೇಟೆಯವರದೇ ಆಗಿತ್ತು. 1965ರಲ್ಲಿ ಭಾರತೀಯ ಆಹಾರ ನಿಗಮ ಸ್ಥಾಪನೆಯಾದ ಮೇಲೆ ಸರ್ಕಾರವೇ ರೈತರಿಂದ ಕೊಂಡು, ಉಗ್ರಾಣದಲ್ಲಿಟ್ಟು, ನ್ಯಾಯಬೆಲೆ ಅಂಗಡಿಗಳಿಗೆ ಕಳಿಸುವ ಏರ್ಪಾಡು ಗಟ್ಟಿಯಾಯಿತು. ಆಗ ಕಾರ್ಡು ಇದ್ದವರಿಗೆಲ್ಲ ಪಡಿತರ ಸಿಗುತ್ತಿತ್ತು. ಬಡವ, ಬಲ್ಲಿದ ಎಂದು ಅಂಗಡಿಯವನು ಕೇಳುತ್ತಿರಲಿಲ್ಲ.

ಗೆರೆ ಎಳೆದ ವರ್ಷ

1997ರ ಜೂನ್‌ನಲ್ಲಿ ಒಂದು ಗೆರೆ ಬಿತ್ತು. ಬಡತನ ರೇಖೆಯ ಕೆಳಗಿನವರಿಗೆ ಒಂದು ಬೆಲೆ, ಮೇಲಿನವರಿಗೆ ಇನ್ನೊಂದು. ಬಿಪಿಎಲ್, ಎಪಿಎಲ್ ಎಂಬ ಮಾತುಗಳು ಹಳ್ಳಿಯ ಜಗಲಿಗೂ ಬಂದದ್ದು ಆಗಲೇ. ಸಹಾಯಧನ ಬಡವರಿಗೆ ಮಾತ್ರ ಸೇರಲಿ ಎಂಬುದು ಉದ್ದೇಶ. ಕೇಳಲು ನ್ಯಾಯವಾಗಿಯೇ ಇತ್ತು.

ಆದರೆ ಪಟ್ಟಿ ಮಾಡುವಾಗ ಎರಡು ಬಗೆಯ ತಪ್ಪು ನಡೆಯುತ್ತದೆ. ಉಳ್ಳವನು ಒಳಗೆ ಸೇರಿಬಿಡುವುದು ಒಂದು, ಇಲ್ಲದವನು ಹೊರಗೆ ಉಳಿಯುವುದು ಇನ್ನೊಂದು. ಮೊದಲನೆಯದರಲ್ಲಿ ಬೊಕ್ಕಸಕ್ಕೆ ನಷ್ಟ. ಎರಡನೆಯದರಲ್ಲಿ ಒಂದು ಸಂಸಾರಕ್ಕೆ ಉಪವಾಸ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಆಡಳಿತದ ಕಣ್ಣು ಸದಾ ಮೊದಲನೆಯದರ ಮೇಲೆ. 'ಅನರ್ಹರ ಪತ್ತೆ' ಅಭಿಯಾನಗಳು ಆಗಾಗ ನಡೆಯುತ್ತವೆ. ಬಿಟ್ಟುಹೋದ ಅರ್ಹರನ್ನು ಹುಡುಕಿಕೊಂಡು ಮನೆಬಾಗಿಲಿಗೆ ಹೋಗುವ ಅಭಿಯಾನಗಳು ಅಪರೂಪ.

ತುಂಬಿದ ಉಗ್ರಾಣ, ಖಾಲಿ ಮಡಕೆ

2000ದಲ್ಲಿ ಎಪಿಎಲ್ ದರವನ್ನು ಸರ್ಕಾರದ ಪೂರ್ಣ ವೆಚ್ಚದ ಮಟ್ಟಕ್ಕೆ ಏರಿಸಲಾಯಿತು. ಆ ಬೆಲೆಗೆ ಸೊಸೈಟಿಯಲ್ಲಿ ಕೊಳ್ಳುವವರೇ ಇಲ್ಲವಾದರು. ಇತ್ತ ಖರೀದಿ ನಡೆದೇ ಇತ್ತು. 2001ರ ನಡುಭಾಗದ ಹೊತ್ತಿಗೆ ಸರ್ಕಾರದ ಉಗ್ರಾಣಗಳಲ್ಲಿ 5 ಕೋಟಿ ಟನ್ನಿಗೂ ಹೆಚ್ಚು ಧಾನ್ಯ ಕೂಡಿಬಿದ್ದಿತ್ತು. ಅದೇ ಹೊತ್ತಿನಲ್ಲಿ ರಾಜಸ್ಥಾನದಲ್ಲಿ ಬರ ಮುಂದುವರಿದಿತ್ತು, ಜನ ಹಸಿದಿದ್ದರು.

ಆಗ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದರ ವಾದ ಸರಳ: ಸಂವಿಧಾನದ 21ನೇ ವಿಧಿ ಬದುಕುವ ಹಕ್ಕನ್ನು ಕೊಟ್ಟಿದೆ, ಅನ್ನವಿಲ್ಲದೆ ಬದುಕು ಎಲ್ಲಿಯದು? 2001ರ ನವೆಂಬರ್ 28ರ ಆದೇಶದಲ್ಲಿ ನ್ಯಾಯಾಲಯ, ಸರ್ಕಾರದ ಆಹಾರ ಯೋಜನೆಗಳನ್ನು ಜನರಿಗೆ ಸಲ್ಲಬೇಕಾದ ಹಕ್ಕುಗಳೆಂದೇ ಪರಿಗಣಿಸಿತು. ಶಾಲಾ ಮಕ್ಕಳಿಗೆ ಧಾನ್ಯವನ್ನಲ್ಲ, ಬೇಯಿಸಿದ ಬಿಸಿಯೂಟವನ್ನೇ ಕೊಡಬೇಕೆಂದಿತು. ಕರ್ನಾಟಕದ 'ಅಕ್ಷರ ದಾಸೋಹ' 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಯಿತು. ಶರಣರ ಕಾಲದ ಮಾತೊಂದು ಸರ್ಕಾರಿ ಯೋಜನೆಯ ಹೆಸರಾಯಿತು.

ಕಾನೂನು ಹೇಳುವುದು

ಹನ್ನೆರಡು ವರ್ಷಗಳ ಆಂದೋಲನದ ಬಳಿಕ 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು. ಗ್ರಾಮೀಣ ಜನರಲ್ಲಿ ಶೇ 75, ನಗರವಾಸಿಗಳಲ್ಲಿ ಶೇ 50ರವರೆಗೆ ಇದರ ವ್ಯಾಪ್ತಿ. ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯ, ಕಡುಬಡವರ ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಕಾರ್ಡಿನಲ್ಲಿ ಮನೆಯ ಯಜಮಾನಿ ಹದಿನೆಂಟು ತುಂಬಿದ ಹಿರಿಯ ಹೆಣ್ಣುಮಗಳು. ಧಾನ್ಯ ಕೊಡಲಾಗದಿದ್ದರೆ ಅದರ ಬದಲು ಭತ್ಯೆ ಕೊಡಬೇಕು. ದೂರು ಕೇಳಲು ಜಿಲ್ಲೆಗೊಬ್ಬ ಅಧಿಕಾರಿ, ರಾಜ್ಯಕ್ಕೊಂದು ಆಹಾರ ಆಯೋಗ ಇರಬೇಕು. ಈ ಕೊನೆಯ ಅಂಶಗಳು ಹಲವು ಕಾರ್ಡುದಾರರಿಗೆ ತಿಳಿದೇ ಇಲ್ಲ. ತಿಳಿಯದ ಹಕ್ಕು ಬೀಗ ಹಾಕಿದ ಕಣಜವಿದ್ದಂತೆ.

ಅದೇ 2013ರ ಜುಲೈನಲ್ಲಿ ಕರ್ನಾಟಕದಲ್ಲಿ 'ಅನ್ನಭಾಗ್ಯ' ಬಂತು. ಒಂದು ರೂಪಾಯಿಗೆ ಕೆ.ಜಿ. ಅಕ್ಕಿ, 2015ರಿಂದ ಉಚಿತ. ಪ್ರಮಾಣ ಮಾತ್ರ ಸರ್ಕಾರ ಬದಲಾದಂತೆ ಏರಿಳಿಯಿತು. 2023ರಲ್ಲಿ ತಲೆಗೆ 10 ಕೆ.ಜಿ. ಕೊಡಲು ಹೊರಟಾಗ ಹೆಚ್ಚುವರಿ ಅಕ್ಕಿ ಸಿಗದೆ, 5 ಕೆ.ಜಿ.ಯ ಬದಲು 170 ರೂಪಾಯಿ ಖಾತೆಗೆ ಹಾಕಲಾಯಿತು. 2025ರ ಫೆಬ್ರುವರಿಯಿಂದ ಹಣದ ಬದಲು ಅಕ್ಕಿಯನ್ನೇ ಕೊಡತೊಡಗಿದರು. ಕೇಂದ್ರವೂ 2023ರ ಜನವರಿಯಿಂದ ತನ್ನ ಪಾಲಿನ ಧಾನ್ಯಕ್ಕೆ ಬೆಲೆ ತೆಗೆದುಕೊಳ್ಳುವುದನ್ನು ನಿಲ್ಲಿಸಿತು.

'ಭಾಗ್ಯ' ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಭಾಗ್ಯ ಒಲಿಯಬಹುದು, ಒಲಿಯದಿರಬಹುದು. ಹಕ್ಕು ಹಾಗಲ್ಲ. ಕಾಯ್ದೆಯ 5 ಕೆ.ಜಿ.ಯನ್ನು ಯಾವ ರಾಜ್ಯ ಸರ್ಕಾರವೂ ತನ್ನಿಷ್ಟದಂತೆ ಕಡಿಮೆ ಮಾಡಲಾಗದು. ಅದಕ್ಕೆ ಮೇಲಿನದು ಆಳುವವರ ಮನಸ್ಸಿಗೆ ಬಿಟ್ಟದ್ದು.

ಹೆಬ್ಬೆರಳಿನ ಗುರುತು

ಈಗ ಅಡ್ಡಿ ಬರುತ್ತಿರುವುದು ಧಾನ್ಯದ ಕೊರತೆಯಿಂದಲ್ಲ, ಗುರುತಿನ ತೊಡಕಿನಿಂದ. ಕಳೆ ಕಿತ್ತು, ಕಲ್ಲು ಹೊತ್ತು ಸವೆದ ಬೆರಳನ್ನು ಯಂತ್ರ ಗುರುತಿಸದು. 2017ರಲ್ಲಿ ಗೋಕರ್ಣದಲ್ಲಿ ಒಂದೇ ದಲಿತ ಕುಟುಂಬದ ಮೂವರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಧಾರ್ ಜೋಡಣೆಯಾಗದೆ ಪಡಿತರ ನಿಂತುಹೋಗಿತ್ತು, ಇದು ಹಸಿವಿನ ಸಾವು ಎಂದು ಪಿಯುಸಿಎಲ್ ತಂಡ ವರದಿ ಮಾಡಿತು; ಆಡಳಿತ ಅದನ್ನು ಒಪ್ಪಲಿಲ್ಲ. ಆಧಾರ್ ಇಲ್ಲವೆಂದು ಯಾರಿಗೂ ಧಾನ್ಯ ನಿರಾಕರಿಸಬಾರದೆಂದು ಕೇಂದ್ರ ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು.

2024ರ ನವೆಂಬರ್‌ನಲ್ಲಿ ನಮ್ಮಲ್ಲಿ ಅನೇಕ ಬಿಪಿಎಲ್ ಕಾರ್ಡುಗಳು ರದ್ದಾದವು. ಜನ ತಾಲ್ಲೂಕು ಕಚೇರಿಗಳಿಗೆ ಎಡತಾಕಿದರು, ಗಲಾಟೆಯಾಯಿತು. ಕೊನೆಗೆ ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸುವುದಾಗಿ ಸರ್ಕಾರ ಹೇಳಬೇಕಾಯಿತು. ಕೇಳಿದ್ದರಿಂದ ಸಿಕ್ಕಿತು. ಆದರೆ ಕೂಲಿ ಬಿಟ್ಟು ಕಚೇರಿಗೆ ಅಲೆದ ಆ ದಿನಗಳ ಸಂಬಳ ಕೊಡುವವರು ಯಾರು?

ಹಿಂದೆ ದೇವರ ಪಡಿತರ ನಿಲ್ಲಬಾರದೆಂದು ಶಾಸನ ಬರೆಸಿ, ತಪ್ಪಿಸಿದವರಿಗೆ ಪಾಪ ತಟ್ಟಲಿ ಎಂದು ಕಲ್ಲಿನ ಮೇಲೆ ಶಾಪವನ್ನೂ ಕೆತ್ತಿಸುತ್ತಿದ್ದರು. ಮನುಷ್ಯರ ಪಡಿತರಕ್ಕೆ ಇಂದು ಕಾಯ್ದೆಯೇ ಶಾಸನ. ಅದರಲ್ಲಿ ಶಾಪವಿಲ್ಲ, ದೂರು ಕೊಡುವ ದಾರಿಯಿದೆ. ಆ ದಾರಿ ತಿಳಿದವರು ತಿಳಿಯದವರ ಜೊತೆ ನಾಲ್ಕು ಹೆಜ್ಜೆ ನಡೆದರೆ ಅದೂ ಅನ್ನದಾನವೇ.