ಮಂದ್ರನಾದದ ಪೆಟ್ಟಿಗೆ

ಮೂವತ್ತು ವರ್ಷಗಳಿಗೂ ಮಿಗಿಲಾಗಿ ಕೊಡಗಿನ ಮಕ್ಕಳಿಗೆ ಸಂಸ್ಕೃತವನ್ನೂ ಗಣಿತವನ್ನೂ ಬೋಧಿಸಿ ನಿವೃತ್ತರಾಗಿರುವ ನಾವು ಕಾರಿನೊಳಗಿನ ಸಂಗೀತಯಂತ್ರವನ್ನು ಕುರಿತು ಬರೆಯಹೊರಟಿರುವುದು ತಮಗೆ ವಿಚಿತ್ರವಾಗಿ ತೋರಬಹುದು. ಆದರೆ ಕಳೆದ ವರ್ಷ ಮಡಿಕೇರಿಯಲ್ಲಿರುವ ನಮ್ಮ ತಂಗಿಯ ಮನೆಯಲ್ಲಿ ತಂದೆಗೂ ಮಗನಿಗೂ ಮಾತು ನಿಂತುಹೋದುದು ಒಂದು ಮರದ ಪೆಟ್ಟಿಗೆಯ ದೆಸೆಯಿಂದ. ಅದು ಮರಳಿ ಮೊದಲಾದುದು ಇನ್ನೊಂದು ಪೆಟ್ಟಿಗೆಯ ದೆಸೆಯಿಂದ. ಇಂತಹ ಪೆಟ್ಟಿಗೆಯ ಅಪೇಕ್ಷೆ ಈಗ ಅನೇಕ ಮನೆಗಳ ತರುಣರಲ್ಲಿ ಕಾಣುತ್ತಿರುವುದರಿಂದ, ನಾವು ಕಲಿತುದನ್ನು ಗೃಹಸ್ಥರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ನಮ್ಮ ಸೋದರಳಿಯನು ದುಡಿಮೆಯ ಹಣವನ್ನು ಕೂಡಿಟ್ಟು ಒಂದು ಹಳೆಯ ಸಣ್ಣ ಕಾರನ್ನು ಕೊಂಡಿದ್ದನು. ಮಡಿಕೇರಿ ದಸರೆಯ ವಿಜಯದಶಮಿಯ ರಾತ್ರಿ ದಶಮಂಟಪಗಳ ಮೆರವಣಿಗೆಯಲ್ಲಿ ಎದೆಗೆ ಬಂದು ತಾಕುವ ಗಂಭೀರನಾದವನ್ನು ಕೇಳಿದವರಿಗೆ ಅವನ ಆಸೆ ಅರ್ಥವಾಗದಿರದು. ಅವನು ಸಬ್‌ವೂಫರ್ ಎಂಬ ಯಂತ್ರವನ್ನು ಸಿದ್ಧಪೆಟ್ಟಿಗೆಯೊಡನೆ ತಂದು ಡಿಕ್ಕಿಯಲ್ಲಿ ಕೂರಿಸಿದನು. ಆ ಮನೆಯಿರುವುದು ಇಳಿಜಾರಿನ ಕಿರಿದಾದ ಬೀದಿಯಲ್ಲಿ. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದಿರುವ ವೃದ್ಧೆಯೊಬ್ಬರಿದ್ದಾರೆ. ರಾತ್ರಿ ಕಾರು ಬಂದು ನಿಂತಾಗ ಅವರ ಅಡಿಗೆಮನೆಯ ಪಾತ್ರೆಗಳು ಝಲ್ಲೆಂದು ನಡುಗುತ್ತಿದ್ದುವು. ಭಾವನವರು ಕುಪಿತರಾಗಿ, “ಆ ಪೆಟ್ಟಿಗೆ ಈ ಮನೆಯಲ್ಲಿರಕೂಡದು” ಎಂದರು. ಅಂದಿನಿಂದ ಮಗನು ಮೌನ. ನಮ್ಮ ತಂಗಿ ಕಣ್ಣೀರಿಟ್ಟು ನಮಗೆ ಹೇಳಿಕಳುಹಿಸಿದಳು.

ವಿಷಯವನ್ನರಿಯದೆ ನ್ಯಾಯ ಹೇಳುವುದು ಉಪಾಧ್ಯಾಯರಿಗೆ ತಕ್ಕುದಲ್ಲವಷ್ಟೆ. ಆದುದರಿಂದ ಮೊದಲು ಆ ಯಂತ್ರವೇನೆಂದು ತಿಳಿದುಕೊಂಡೆವು. ಸಂಗೀತಶಾಸ್ತ್ರದಲ್ಲಿ ಮಂದ್ರ, ಮಧ್ಯ, ತಾರ ಎಂದು ಮೂರು ಸ್ಥಾಯಿಗಳುಂಟು. ಕಾರಿನ ಬಾಗಿಲುಗಳಲ್ಲಿರುವ ಪುಟ್ಟ ಧ್ವನಿವರ್ಧಕಗಳು ಮಧ್ಯ ಮತ್ತು ತಾರಗಳನ್ನು ಚೆನ್ನಾಗಿ ನುಡಿಸಬಲ್ಲವು. ಅತಿ ಮಂದ್ರವಾದ ನಾದಕ್ಕೆ ಅವುಗಳ ಶಕ್ತಿ ಸಾಲದು. ಸೆಕೆಂಡಿಗೆ ಸುಮಾರು 20ರಿಂದ 100 ಕಂಪನಗಳವರೆಗಿನ ಈ ನಾದವನ್ನು ನುಡಿಸುವುದೇ ಸಬ್‌ವೂಫರಿನ ಕೆಲಸ. ಅದರಲ್ಲಿರುವ ಶಂಕುವಿನಾಕಾರದ ಅಗಲವಾದ ಪರದೆಯು ಮುಂದಕ್ಕೂ ಹಿಂದಕ್ಕೂ ಚಲಿಸಿ ಗಾಳಿಯನ್ನು ಅಲುಗಿಸುತ್ತದೆ.

ಹಾಗಾದರೆ ಪೆಟ್ಟಿಗೆಯೇಕೆ? ಪರದೆ ಮುಂದಕ್ಕೆ ಸರಿದಾಗ ಮುಂದಣ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಣ ಗಾಳಿ ಸಡಿಲಗೊಳ್ಳುತ್ತದೆ. ಈ ಎರಡು ಅಲೆಗಳೂ ಅಂಚನ್ನು ಸುತ್ತಿ ಬಂದು ಕೂಡಿದರೆ, ಸಾಲವೂ ಗಳಿಕೆಯೂ ಸರಿಹೋದಂತೆ, ಮಂದ್ರನಾದವು ಬಹುಮಟ್ಟಿಗೆ ಅಳಿದುಹೋಗುತ್ತದೆ. ಅಳಿಯನು ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟು ನುಡಿಸಿ ತೋರಿಸಿದನು: ಪರದೆ ಕುಣಿಯುತ್ತಿತ್ತು, ನಾದ ಮಾತ್ರ ಹೆಸರಿಗಷ್ಟೇ ಇತ್ತು. ಹಿಂದಣ ಅಲೆಯನ್ನು ಸೆರೆಹಿಡಿಯುವುದೇ ಪೆಟ್ಟಿಗೆಯ ಪ್ರಯೋಜನ. ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗಿನಂತೆ ಪರದೆಯನ್ನು ಸ್ವಸ್ಥಾನಕ್ಕೆ ಮರಳಿಸುತ್ತದೆ. ಈ ತತ್ತ್ವವನ್ನು ಚಿಕ್ಕ ಪೆಟ್ಟಿಗೆಗೆ ಅನ್ವಯಿಸಿ 1954ರಲ್ಲಿ ಜನರ ಮುಂದಿಟ್ಟವರು ಅಮೆರಿಕದ ಎಡ್ಗರ್ ವಿಲ್ಚರ್ ಎಂಬವರು.

ಇಲ್ಲೊಂದು ಸೂಕ್ಷ್ಮವುಂಟು. ವೀಣೆಯ ಕೊಡವೂ ನಮ್ಮ ಕೊಡಗಿನ ದುಡಿಯ ಒಡಲೂ ತಾವೇ ಕಂಪಿಸಿ ನಾದವನ್ನು ಪುಷ್ಟಿಗೊಳಿಸತಕ್ಕವು. ಈ ಪೆಟ್ಟಿಗೆಯ ಧರ್ಮವು ಅದಕ್ಕೆ ವಿಪರೀತ: ಇದು ಮೂಕವಾಗಿರಬೇಕು. ಇದರ ಹಲಗೆಗಳು ನಡುಗಿದರೆ ಹಾಡಿನಲ್ಲಿಲ್ಲದ ಸದ್ದು ಹಾಡಿಗೆ ಬೆರೆಯುತ್ತದೆ.

ಅಳಿಯನ ಸಿದ್ಧಪೆಟ್ಟಿಗೆಯ ದೋಷಗಳು ಆಗ ಹೊರಬಿದ್ದುವು. ಅದು ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆಯದು. ಈ ಹಲಗೆ ಒಣನಾಡಿನಲ್ಲಿ ಒಳ್ಳೆಯದೇ. ಸಾಂದ್ರವಾದುದು, ಸುಲಭವಾಗಿ ನಡುಗದು. ಆದರೆ ನಮ್ಮ ಕಕ್ಕಡ ಮಾಸದ ಜಡಿಮಳೆಯಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಡಿಕ್ಕಿಯ ಥಂಡಿಯನ್ನು ಹೀರಿ ಪೆಟ್ಟಿಗೆಯ ಅಂಚುಗಳು ಉಬ್ಬಿ, ಅಂಟು ಬಿಟ್ಟು, ಸಂದುಗಳಲ್ಲಿ ಗಾಳಿ ಸುಯ್ಗುಟ್ಟುತ್ತಿತ್ತು. ಅದರ ಒಳಗಾತ್ರವೂ ಯಂತ್ರಕ್ಕೆ ಬೇಕಾದುದಕ್ಕಿಂತ ಕಿರಿದಾಗಿತ್ತು. ಕಿರಿದಾದ ಪೆಟ್ಟಿಗೆಯಲ್ಲಿ ಗಾಳಿ ಅತಿ ಬಿಗಿಯಾದ ಸ್ಪ್ರಿಂಗಾಗುವುದರಿಂದ ಆಳದ ನಾದ ಕುಗ್ಗಿ, ಅದಕ್ಕೆ ಮೇಲಣ ಒಂದೆರಡು ಸ್ವರಗಳು ಮಾತ್ರ ಗುಂಯ್ಗುಟ್ಟುತ್ತವೆ. ಆಳ ಸಿಕ್ಕದೆಂದು ಹುಡುಗನು ಸದ್ದನ್ನು ಏರಿಸುತ್ತ ಹೋದನು, ಪಾತ್ರೆಗಳು ನಡುಗಿದುವು. ದೋಷವು ಅರ್ಧ ಅವನದು, ಅರ್ಧ ಪೆಟ್ಟಿಗೆಯದು.

“ಮಾವ, ಸರಿಯಾದ ಪೆಟ್ಟಿಗೆ ಮಾಡಿಸಿಕೊಡಿ. ಆಮೇಲೂ ಪಕ್ಕದ ಅಜ್ಜಿಗೆ ತೊಂದರೆಯಾದರೆ ನಾನೇ ಮಾರಿಬಿಡುತ್ತೇನೆ” ಎಂದು ಅವನು ಮಾತುಕೊಟ್ಟನು. ನಾವು ಒಪ್ಪಿದೆವು.

ಅವನ ಯಂತ್ರವು 10 ಅಂಗುಲದ್ದು. ಅದರೊಡನೆ ಬಂದ ಕೈಪಿಡಿಯಲ್ಲಿ 20 ಲೀಟರು ಒಳಗಾತ್ರದ ಮುಚ್ಚಿದ ಪೆಟ್ಟಿಗೆ ಬೇಕೆಂದಿತ್ತು. ಕಾರಿನ ಹಿಂದಣ ಆಸನವು ಓರೆಯಾಗಿರುವುದರಿಂದ ಪೆಟ್ಟಿಗೆಯ ಪಕ್ಕದ ಹಲಗೆ ಕೆಳಗೆ ಅಗಲವಾಗಿಯೂ ಮೇಲೆ ಕಿರಿದಾಗಿಯೂ ಇರಬೇಕು. ಇಂತಹ ಕ್ಷೇತ್ರದ ಲೆಕ್ಕಕ್ಕೆ ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಬರುವ ಭೂಮಿ, ಮುಖ, ಲಂಬಗಳೇ ಸಾಕು. ಭೂಮಿ 21 ಸೆಂಟಿಮೀಟರು, ಮುಖ 15. ಎರಡರ ಮೊತ್ತದ ಅರ್ಧ 18. ಅದನ್ನು ಲಂಬವಾದ 30ರಿಂದಲೂ ಪೆಟ್ಟಿಗೆಯ ಉದ್ದವಾದ 40ರಿಂದಲೂ ಗುಣಿಸಿದರೆ 21,600 ಘನ ಸೆಂಟಿಮೀಟರು, ಅಂದರೆ 21.6 ಲೀಟರು. ಯಂತ್ರದ ಹಿಂಭಾಗವು ಆಕ್ರಮಿಸುವ 1.6 ಲೀಟರನ್ನು ಕಳೆದರೆ ಸರಿಯಾಗಿ 20.

ನಾವು ಹೆಮ್ಮೆಯಿಂದ ಚೀಟಿಯನ್ನು ಆಚಾರಿಯ ಕೈಗಿತ್ತೆವು. ಅವರು ಓದಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, “ಮೇಷ್ಟ್ರೇ, ಇದು ಒಳ ಅಳತೆಯೋ ಹೊರ ಅಳತೆಯೋ? ಹಲಗೆಯ ದಪ್ಪ ಎಲ್ಲಿ ಹೋಯಿತು?” ಎಂದರು. ನಾವು ನಿರುತ್ತರರಾದೆವು! ಹಲಗೆ 18 ಮಿಲಿಮೀಟರಿನದು. ಎರಡು ಬದಿಗೆ 3.6 ಸೆಂಟಿಮೀಟರು. ನಮ್ಮ ಅಂಕಿಗಳನ್ನೇ ಹೊರ ಅಳತೆಯೆಂದು ಕೊಯ್ದಿದ್ದರೆ ಯಂತ್ರಕ್ಕೆ ಸುಮಾರು 12 ಲೀಟರು ಮಾತ್ರ ಉಳಿದು, ಹಳೆಯ ಪೆಟ್ಟಿಗೆಯ ದೋಷವೇ ಮರುಕಳಿಸುತ್ತಿತ್ತು; ಹುಡುಗನ ಹಣವೂ ಹಾಳಾಗುತ್ತಿತ್ತು. ಜೀವಮಾನವೆಲ್ಲ ಗಣಿತ ಬೋಧಿಸಿದ ನಮ್ಮನ್ನು ಉಳಿಸಿದವರು ಆಚಾರಿಯವರು.

ಹಲಗೆಗೆ ಐ.ಎಸ್. 710 ಎಂಬ ಮುದ್ರೆಯುಳ್ಳ, ನೀರನ್ನು ತಡೆಯುವ ಪ್ಲೈವುಡ್ಡನ್ನು ಆರಿಸಿದೆವು. ಸಂದುಗಳಿಗೆ ಧಾರಾಳವಾಗಿ ಮರದ ಅಂಟನ್ನು ಬಳಿದು, ತಿರುಪುಮೊಳೆಗಳಿಂದ ಬಿಗಿದು, ಒಂದು ಇಡೀ ದಿನ ಒಣಗಲು ಬಿಟ್ಟರು. ಒಳಮೂಲೆಗಳಿಗೆ ಸಿಲಿಕೋನನ್ನು ಹಚ್ಚಿ, ಅದರ ವಾಸನೆ ಪೂರ್ತಿ ಆರಿದ ಮೇಲೆಯೇ ಯಂತ್ರವನ್ನು ಕೂರಿಸಿದರು. ಯಂತ್ರದ ಅಂಚಿನಡಿಗೆ ಸ್ಪಂಜಿನ ಪಟ್ಟಿ. ಹೊರಮೈಗೂ ಕೊಯ್ದ ಅಂಚುಗಳಿಗೂ ವಾರ್ನಿಷು. ಪರೀಕ್ಷೆ ಸುಲಭ: ಪರದೆಯನ್ನು ಬೆರಳುಗಳಿಂದ ಮೆಲ್ಲನೆ ಒತ್ತಿ ಬಿಟ್ಟರೆ, ಪೆಟ್ಟಿಗೆ ಬಿಗಿಯಾಗಿದ್ದಲ್ಲಿ ಅದು ನಿಧಾನವಾಗಿ ಮೇಲಕ್ಕೆ ಬರುತ್ತದೆ.

ಗೃಹಸ್ಥರು ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಹೋಗುವ ತಂತಿಗೆ, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಫ್ಯೂಸ್ ಇರಬೇಕು. ಇಲ್ಲದಿದ್ದರೆ ತಂತಿ ಎಲ್ಲಾದರೂ ಉಜ್ಜಿ ಲೋಹಕ್ಕೆ ತಾಗಿದಾಗ ಬೆಂಕಿಯ ಭಯ. ಪೆಟ್ಟಿಗೆಯೂ ಯಂತ್ರವೂ ಕೂಡಿ 12 ಕಿಲೋಗ್ರಾಮಿನಷ್ಟು ತೂಗುವುದರಿಂದ ಅದನ್ನು ಕಾರಿನ ಮೈಗೆ ಬಿಗಿಯಬೇಕು. ನಮ್ಮ ಘಟ್ಟದ ತಿರುವುಗಳಲ್ಲಿ ಒಮ್ಮೆಲೇ ಬ್ರೇಕ್ ಹಾಕಿದರೆ ಅದು ಹಿಂದೆ ಕುಳಿತವರ ಮೇಲೆ ಬೀಳಬಲ್ಲುದು.

ಇನ್ನು ನೆರೆಹೊರೆಯ ಮಾತು. ಶಬ್ದವು ಕದಂಬದ ಮೊಗ್ಗಿನಂತೆ ಏಕಕಾಲದಲ್ಲಿ ಎಲ್ಲ ದಿಕ್ಕಿಗೂ ಹರಡುವುದೆಂಬುದು ನೈಯಾಯಿಕರಲ್ಲಿ ಒಂದು ಪಕ್ಷ. ಮಂದ್ರನಾದಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಸೆಕೆಂಡಿಗೆ 50 ಕಂಪನಗಳ ನಾದದ ಅಲೆ ಸುಮಾರು 7 ಮೀಟರು ಉದ್ದ. ಅದನ್ನು ಕಾರಿನ ಗಾಜಾಗಲಿ ಮನೆಯ ಕಿಟಕಿಯಾಗಲಿ ಸುಲಭವಾಗಿ ತಡೆಯಲಾರದು. ಸಣ್ಣ ಕಾರಿನ ಒಳಗು ಈ ಅಲೆಗಿಂತ ಬಹಳ ಕಿರಿದಾದುದರಿಂದ, ಬಾಗಿಲು ಮುಚ್ಚಿದಾಗ ಒಳಗಿನ ಗಾಳಿಯೆಲ್ಲವೂ ಒಟ್ಟಿಗೆ ಒತ್ತಲ್ಪಟ್ಟು ಮಂದ್ರನಾದ ತಾನಾಗಿಯೇ ಪುಷ್ಟಿಗೊಳ್ಳುತ್ತದೆ. ಆದ್ದರಿಂದ ಪೆಟ್ಟಿಗೆ ಸರಿಯಾಗಿದ್ದರೆ ಅಲ್ಪ ಸದ್ದಿನಲ್ಲಿಯೇ ತೃಪ್ತಿಯುಂಟು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ಅಳಿಯನು ಇನ್ನೂ ಸರಳವಾದ ನಿಯಮವೊಂದನ್ನು ತಾನೇ ಮಾಡಿಕೊಂಡನು: ಬೀದಿಯ ತಿರುವಿಗೆ ಬಂದೊಡನೆ ಮಂದ್ರದ ಗುಂಡಿಯನ್ನು ಪೂರ್ತಿ ಇಳಿಸಿಬಿಡುವುದು.

ಪೆಟ್ಟಿಗೆ ಕೂರಿಸಿದ ಭಾನುವಾರ ಭಾವನವರನ್ನು ಬಹಳ ಒತ್ತಾಯಿಸಿ ಕಾರಿನಲ್ಲಿ ಕುಳ್ಳಿರಿಸಿದೆವು. ಹುಡುಗನು ಏನೂ ಹೇಳದೆ, ತಂದೆಗೆ ಪ್ರಿಯವಾದ ಕಚೇರಿಯೊಂದನ್ನು ಮೆಲುದನಿಯಲ್ಲಿ ಹಾಕಿದನು. ತನಿಯಾವರ್ತನ ಬಂದಾಗ ಅವರು ಕಣ್ಣು ಮುಚ್ಚಿದ್ದರು. ಮುಗಿದ ಮೇಲೆ, “ಭಾವ, ಇಷ್ಟು ದಿನ ಈ ಕಾರಿನಲ್ಲಿ ಮೃದಂಗದ ಬಲಗಡೆ ಮಾತ್ರ ಕೇಳಿಸುತ್ತಿತ್ತು, ಇವತ್ತು ಎಡಗಡೆಯೂ ಕೇಳಿಸಿತು” ಎಂದು ನಮ್ಮೊಡನೆ ಹೇಳಿದರು. ಬಳಿಕ ಮಗನ ಕಡೆಗೆ ತಿರುಗಿ, “ಅಜ್ಜಿಯನ್ನು ಕೇಳಿಕೊಂಡು ಬಾ” ಎಂದರು. ಅದೇ ಮೊದಲ ಮಾತು.

ಹುಡುಗನು ಹೋಗಿ ಬಂದನು. ಸಂಗೀತ ನುಡಿಯುತ್ತಿದ್ದುದೇ ಆ ತಾಯಿಗೆ ತಿಳಿದಿರಲಿಲ್ಲವಂತೆ. ಪೆಟ್ಟಿಗೆ ಇಂದಿಗೂ ಕಾರಿನಲ್ಲಿದೆ. ಈ ಮಳೆಗಾಲವನ್ನೂ ಉಬ್ಬದೆ ಕಳೆಯಿತು.